ಮೂರು ಬಾಣ ಮತ್ತು ಕೈವಾರದ ಬಸ್ಸು

ಭಾನುವಾರ ಬೆಳಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಆ ಚೂರು ಸಿಂಕಿಗೆ ಬೀಳದಂತೆ ಕಿಟಕಿಯ ಸಂದಿಗೆ ಸಿಕ್ಕಿಸಿ, ಮಧ್ಯಾಹ್ನದ ಮುದ್ದೆಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಹನ್ನೆರಡು ವರ್ಷದ ಮಗಳು ಬಂದು ಎಡಗೈ ಚಾಚಿದಳು. ಮೊಣಕೈಯ ಒಳಮಗ್ಗುಲಲ್ಲಿ ನೇರಳೆ ಹಣ್ಣು ಉಜ್ಜಿದಂತೆ ಒಂದು ಗುರುತು.

“ಬಿಲ್ಲು ಬಿಟ್ಬಿಡ್ತೀನಿ ಕಣಮ್ಮ. ಪ್ರತಿ ಸಲ ದಾರ ಇಲ್ಲೇ ಹೊಡಿಯುತ್ತೆ.”

ಆರು ತಿಂಗಳು ಹಟ ಹಿಡಿದು ಸೇರಿದ ಕ್ಲಾಸು. ಅವಳು ಬಿಲ್ಲು ಹಿಡಿದು ನಿಂತಾಗ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೆ. ಬಿಡಿಸಲು ಮನಸ್ಸಾಗಲಿಲ್ಲ.

“ತಪ್ಪು ಬಿಲ್ಲಿಂದಲ್ಲ, ಕೈಯಿಂದು. ಹಿಡಿ ಸಡಿಲ ಇರ್ಬೇಕು, ಮೊಣಕೈ ಪಕ್ಕಕ್ಕೆ ತಿರುಗ್ಬೇಕು,” ಎಂದೆ. ಕ್ಲಾಸು ನಡೆಯುವ ಮೈದಾನದ ಕಲ್ಲುಬೆಂಚಿನ ಮೇಲೆ ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡೇ ನನಗೆ ಪಾಠವೆಲ್ಲ ಬಾಯಿಗೆ ಬಂದಿತ್ತು.

“ಹಂಗಾದ್ರೆ ನೀನೇ ಹೊಡಿ. ಮೂರು ಬಾಣ. ಒಂದಾದ್ರೂ ದಾರ ತಗಲದಂಗೆ ಬಿಟ್ರೆ ನಾನು ಕ್ಲಾಸಿಗೆ ಹೋಗ್ತೀನಿ. ಇಲ್ಲಾಂದ್ರೆ ಇವತ್ತೇ ಕೊನೆ.”

ಒಪ್ಪಿಕೊಂಡೆ. ಕೈಯಲ್ಲಿ ಜರಡಿ ಇದ್ದಾಗ ನಾನು ಏನಕ್ಕೆ ಬೇಕಾದರೂ ಒಪ್ಪಿಬಿಡುತ್ತೇನೆ. ಜರಡಿ ಅಲ್ಲೇ ಇಟ್ಟು ಇಬ್ಬರೂ ಕ್ಲಾಸಿಗೆ ಹೋದೆವು.

ಚಿಂತಾಮಣಿಯ ಆ ಮೈದಾನದಲ್ಲಿ ಬಿಲ್ಲು ಕಲಿಸುವ ಮೇಡಮ್ಮು ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಸೆರಗು ಸಿಕ್ಕಿಸಿ, ಬಳೆ ಬಿಚ್ಚಿ ಮಗಳಿಗೆ ಕೊಟ್ಟೆ. ಅವಳು ಅವನ್ನು ಗಲಗಲ ಅನ್ನಿಸುತ್ತ ತೀರ್ಪುಗಾರಳಂತೆ ನಿಂತಳು. ಮೇಡಮ್ಮು ನನ್ನ ಎಡ ಮುಂಗೈಗೆ ದಾರದ ಏಟು ತಡೆಯುವ ತೋಳುಪಟ್ಟಿ ಕಟ್ಟಿದರು.

ಬಿಲ್ಲು ಕೈಗೆ ಬಂದದ್ದೇ ಬಿಗಿಯಾಗಿ ಹಿಡಿದೆ.

“ಆಂಟಿ, ಅದು ಮುದ್ದೆ ಕೋಲಲ್ಲ! ಕತ್ತು ಹಿಸುಕ್ಬೇಡಿ.”

ನಿಜವೇ. ಇಪ್ಪತ್ತು ವರ್ಷ ಮುದ್ದೆ ತಿರುವಿದ ಕೈಗೆ ಬೇರೆ ಹಿಡಿತ ಗೊತ್ತಿಲ್ಲ. ಪಾತ್ರೆಯನ್ನು ಒತ್ತಿಹಿಡಿಯುವವಳಂತೆ ಕಾಲುಗಳನ್ನೂ ಅಗಲಿಸಿ ನಿಂತಿದ್ದೆ. ದಾರ ಛಟೀರೆಂದು ತೋಳುಪಟ್ಟಿಗೆ ಬಡಿಯಿತು. ಬಾಣ ಹತ್ತಡಿ ಹೋಗಿ ಹುಲ್ಲಿನಲ್ಲಿ ಮಲಗಿತು.

“ಒಂದು,” ಎಂದಳು ಮಗಳು.

“ಮೊದ್ಲು ಬರೀ ಎಡಗೈ ಚಾಚಿ ಆಂಟಿ,” ಎಂದರು ಮೇಡಮ್ಮು.

ಚಾಚಿದೆ. ಅಂಗೈ ಮೇಲಾಗಿ. ಕಣ್ಣೂ ಮುಚ್ಚಿಕೊಂಡಿತು.

“ಕಣ್ಯಾಕೆ ಮುಚ್ತೀರ?”

“ಕಾನ್ವೆಂಟಲ್ಲಿ ಓದಿದ್ದಮ್ಮ. ಸಿಸ್ಟರ್ ಕೈ ಚಾಚು ಅಂದ್ರೆ ಸ್ಕೇಲು ಬೀಳ್ತಿತ್ತು.”

ಅವರು ನಗು ನುಂಗಿ ಬಿಲ್ಲು ಕೊಟ್ಟರು. ಅಂಗೈ ತಿರುಗಿಸಿದೆನಾದರೂ ಮೊಣಕೈ ಮಾತ್ರ ಸಿಸ್ಟರ್ ಮುಂದೆಯೇ ನಿಂತಿತ್ತು, ಒಳಮಗ್ಗುಲು ಆಕಾಶ ನೋಡುತ್ತ. ದಾರ ಬಂದು ಸರಿಯಾಗಿ ಅಲ್ಲೇ, ತೋಳುಪಟ್ಟಿಯ ಮೇಲಂಚು ದಾಟಿ, ಬಾರಿಸಿತು.

“ನಂಗೂ ಅಲ್ಲೇ! ನಂಗೂ ಅಲ್ಲೇ!” ಮಗಳಿಗೆ ಹಬ್ಬ. “ಎರಡು!”

ಮೇಡಮ್ಮು ನನ್ನ ಮೊಣಕೈ ಮುಟ್ಟಿ ನೋಡಿದರು. “ಆಂಟಿ, ನಿಮ್ಮ ತವರೂರು ಯಾವ್ದು?”

“ಕೈವಾರದ ಹತ್ರ.”

“ಬಸ್ಸು ಹೆಂಗೆ ನಿಲ್ಲಿಸ್ತೀರ? ತೋರ್ಸಿ.”

ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಅಂಗೈ ಡ್ರೈವರಿನ ಕಡೆಗೆ, ಬೆರಳು ಸಡಿಲ, ಮೊಣಕೈ ಪಕ್ಕಕ್ಕೆ ತಿರುಗಿ.

“ಅಷ್ಟೇ ಆಂಟಿ! ಅಲ್ಲಾಡ್ಬೇಡಿ. ಆ ಅಂಗೈಗೇ ಬಿಲ್ಲು ಕೊಡ್ತೀನಿ. ಹಿಡೀಬೇಡಿ, ಬಸ್ಸನ್ನ ತಡೀರಿ.”

‘ಬಸ್ಸು ಬಂತು, ಬಸ್ಸು ಬಂತು’ ಎಂದು ಗೊಣಗುತ್ತ ದಾರ ಎಳೆದು ಬಿಟ್ಟೆ. ಗಾಳಿಯಷ್ಟೇ ತೋಳಿಗೆ ತಾಕಿತು. ಬಾಣ ಪಕ್ಕದವರ ಬೋರ್ಡಿನ ನಟ್ಟನಡುವೆ ಹೋಗಿ ನಾಟಿತು.

ಮಗಳು ನನ್ನ ತೋಳನ್ನು ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುವಂತೆ ತಿರುಗಿಸಿ, ಒತ್ತಿ, ಬೆಳಕಿಗೆ ಹಿಡಿದು ನೋಡಿದಳು. ಹೊಸ ಗುರುತು ಇರಲಿಲ್ಲ. ನನ್ನ ಬಳೆಗಳನ್ನು ವಾಪಸು ಕೊಟ್ಟು, ತನ್ನ ಬಿಲ್ಲು ತೆಗೆದುಕೊಂಡಳು. ಬಾಣ ಬಿಡುವ ಮೊದಲು ಅವಳ ತುಟಿ ಅಲುಗುತ್ತಿತ್ತು: “ಕೈವಾರ, ಕೈವಾರ, ಕೈವಾರ.” ಥೇಟ್ ಕಂಡಕ್ಟರ್.

ಸಂಜೆ ಗೇಟಿನ ಹತ್ತಿರ ಇಬ್ಬರೂ ಎಡಗೈ ಚಾಚಿ ಅಭ್ಯಾಸ ಮಾಡುತ್ತಿದ್ದೆವು. ಪಕ್ಕದ ಮನೆಯ ಆಪಾ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತ ಬಹಳ ಹೊತ್ತು ನಮ್ಮನ್ನೇ ನೋಡಿ, ಕೊನೆಗೆ ಕನಿಕರದಿಂದ ಕೂಗಿದರು:

“ಈ ಬೀದೀಗೆ ಬಸ್ಸು ಬರಲ್ಲಮ್ಮ. ಆಗ್ಲಿಂದ ನಿಂತಿದ್ದೀರಲ್ಲ ಪಾಪ, ಆಟೋಗೆ ಫೋನ್ ಮಾಡ್ಲಾ?”