ಚೀನಾದ ಸಮಾಧಿ, ನಮ್ಮ ಮೂಲೆ

ಚೀನಾದ ಹಳೇ ಸಮಾಧಿಗಳ ಪ್ರದರ್ಶನ ನೋಡೋಕೆ ಹೋಗೋಣ ಬಾ ಎಂದು ಅಣ್ಣ ಫೋನ್ ಮಾಡಿದಾಗಲೇ ಇದು ಬೆಣ್ಣೆ ಹಚ್ಚುವ ಕೆಲಸ ಎಂದು ನನಗೆ ಗೊತ್ತಾಯಿತು. ಹುಟ್ಟಿದಾಗಿನಿಂದ ಅವನು ಯಾವ ಮ್ಯೂಸಿಯಮ್ಮಿನ ಮೆಟ್ಟಿಲೂ ಹತ್ತಿದವನಲ್ಲ. ಸೋಲದೇವನಹಳ್ಳಿಯಲ್ಲಿ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನು ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟಿದ್ದ. ಹೊಲದ ಒಂದು ಮೂಲೆಯಲ್ಲಿ ಅಪ್ಪ ಅಮ್ಮ ಇಬ್ಬರ ಸಮಾಧಿಯಿದೆ. ಪ್ಲಾನಿನ ಪ್ರಕಾರ ಆ ಮೂಲೆಗೆ ಜನರೇಟರ್ ಬರುತ್ತದೆ. ಸಮಾಧಿ ತೆಗೆಯಲು ನನ್ನ ಸಹಿ ಬೇಕು, ಕೊಡುವುದಿಲ್ಲ ಎಂದು ನಾನು ಆರು ತಿಂಗಳಿಂದ ಪಟ್ಟು ಹಿಡಿದು ಕೂತಿದ್ದೆ. ತಂಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ನಾಲ್ಕು ಹಳೇ ಮಡಕೆ ತೋರಿಸಿದರೆ ಕರಗುತ್ತಾಳೆ ಎಂದು ಯಾರೋ ಬುದ್ಧಿವಂತರು ಅವನಿಗೆ ಹೇಳಿಕೊಟ್ಟಿರಬೇಕು.

ಆರ್.ಟಿ. ನಗರದಲ್ಲಿ ನನ್ನನ್ನು ಕಾರಿಗೆ ಹತ್ತಿಸಿಕೊಂಡ. ಹೆಬ್ಬಾಳದ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡೆವು. ಅಷ್ಟು ಹೊತ್ತೂ ಒಪ್ಪಿಗೆ ಪತ್ರ ನಮ್ಮಿಬ್ಬರ ಎದುರಿಗೇ ಡ್ಯಾಶ್‌ಬೋರ್ಡಿನ ಮೇಲಿತ್ತು. ಅವನು ಅದರ ಮಾತೆತ್ತಲಿಲ್ಲ, ನಾನು ಅದರ ಕಡೆ ನೋಡಲಿಲ್ಲ.

ಯಲಹಂಕದ ಆಚೆ ಹೊಸದಾಗಿ ಶುರುವಾದ ಖಾಸಗಿ ಮ್ಯೂಸಿಯಂ ಅದು. ವಸ್ತುಗಳಿಟ್ಟ ಹಾಲಿಗಿಂತ ಕಾಫಿ ಅಂಗಡಿಯೇ ದೊಡ್ಡದಾಗಿತ್ತು. ಒಳಗೆ ಹೆಣ ಇಡುವಷ್ಟು ತಣ್ಣಗೆ ಎ.ಸಿ. ಹಾಕಿದ್ದರು. ಎರಡು ಸಾವಿರ ವರ್ಷದ ಹಿಂದಿನ ಶವಪೆಟ್ಟಿಗೆಗೆ ಬೆನ್ನು ತಿರುಗಿಸಿ ಒಂದು ಜೋಡಿ ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಹುಡುಗಿ ತುಟಿ ಮುಂದೆ ಮಾಡಿದ್ದಳು, ಸತ್ತವನೇ ಎದ್ದು ಮುತ್ತು ಕೊಡಬೇಕೇನೋ ಎಂಬಂತೆ. ನಿವೃತ್ತರೊಬ್ಬರು ಪ್ರತಿಯೊಂದು ಫಲಕವನ್ನೂ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆಕೆ ಕಾಫಿ ಅಂಗಡಿಯ ಕಡೆ ನೋಡುತ್ತಿದ್ದರು. ಇಡೀ ಹಾಲಿನಲ್ಲಿ ತಲೆ ನೆಟ್ಟಗಿದ್ದದ್ದು ಆಕೆಗೊಬ್ಬರಿಗೇ.

ಇನ್ನು ಆ ಸತ್ತ ಚೀನೀ ಸಾಹುಕಾರರ ಯೋಗ್ಯತೆಯೂ ಅಷ್ಟರಲ್ಲೇ ಇತ್ತು. ಸಮಾಧಿಯೊಳಗೆ ಜೊತೆಗೆ ಹೂಳಿಸಿಕೊಂಡ ಆಟಿಕೆಯಂಥ ಮಣ್ಣಿನ ಒಲೆ, ಮಣ್ಣಿನ ಬಾವಿ, ಮಣ್ಣಿನ ಕಣಜ, ಮಣ್ಣಿನ ಹಂದಿಗೂಡು, ಕಾಯಲು ನಾಯಿ, ಬಡಿಸಲು ಸಾಲು ಸಾಲು ಆಳುಗಳು. ಬದುಕಿದ್ದಾಗ ಒಂದು ಚೊಂಬು ನೀರು ಸೇದದವರು ಸತ್ತ ಮೇಲೂ ಸೇದುವ ಯೋಚನೆ ಇಟ್ಟುಕೊಂಡಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಸಂಸ್ಕೃತಿ ಎಂದು ಎಷ್ಟು ವರ್ಷ ಹೇಳಿದ್ದೇನೋ.

ಅಣ್ಣ ಹಂದಿಗೂಡಿನ ಮುಂದೆ ನಿಂತುಬಿಟ್ಟ.

“ಸತ್ತೋರ್ನ ಎಂಗೆ ನೋಡ್ಕೊಂಡವ್ರೆ ನೋಡಮ್ಮ,” ಎಂದ.

ಹೇಳೋದು ವೇದ, ಹಾಕೋದು ಗಾಳ. ನನ್ನ ಮೈಯೆಲ್ಲ ಉರಿಯಿತು.

“ಜನರೇಟರ್ ಎಲ್ಲಿಟ್ಟಿದ್ರು ಅಂತ ಕೇಳು,” ಎಂದೆ.

ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು ಮುಂದಿನ ಗಾಜಿನ ಪೆಟ್ಟಿಗೆಗೆ ಹೋದ.

ಹಾಲಿನ ಕೊನೆಯಲ್ಲಿ ಒಂದು ಸಮಾಧಿ ಕೋಣೆಯನ್ನೇ ಕಟ್ಟಿ ನಿಲ್ಲಿಸಿದ್ದರು. ಪ್ಲೈವುಡ್ ಗೋಡೆಗೆ ಇಟ್ಟಿಗೆಯ ಬಣ್ಣ, ಮುಂದೆ ಮರದ ಬಾಗಿಲು. ಒಳಗೆ ಮಂಕು ಬೆಳಕಿನಲ್ಲಿ ಪೆಟ್ಟಿಗೆ, ಅದರ ಮುಂದೆ ತಟ್ಟೆ ಬಟ್ಟಲುಗಳು, ಬಟ್ಟಲುಗಳಲ್ಲಿ ಮಣ್ಣಿನಲ್ಲೇ ಮಾಡಿದ ಕೋಳಿ, ಮೀನು. ಒಂದು ಕ್ಷಣ ನೋಡಿ ನಾನು ಹೊರಗೆ ಬಂದೆ. ಹಿಂದೆಯೇ ಅಣ್ಣ ಬಂದ. ಬಂದವನು ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದ. ಅದಕ್ಕೆ ಬೆನ್ನು ಮಾಡಿ, ತಲೆ ತಗ್ಗಿಸಿ ನಿಂತ.

ಒಳಗೆ ಹೋಗಲು ಕಾಯುತ್ತಿದ್ದವರು ಮುಖ ಮುಖ ನೋಡಿಕೊಂಡರು. ಸೆಕ್ಯುರಿಟಿಯವನು ಓಡಿ ಬಂದ.

“ಸಾರ್, ಬಾಗ್ಲು ಯಾಕ್ ಹಾಕಿದ್ರಿ? ಜನ ನೋಡ್ಬೇಕು.”

ಅಣ್ಣ ನಿದ್ದೆಯಿಂದ ಎದ್ದವನಂತೆ ಅವನನ್ನು ನೋಡಿದ. “ಎಡೆ ಇಕ್ಕವ್ರಲ್ಲಪ್ಪ,” ಎಂದ. “ಉಣ್ಣೋವಾಗ ನೋಡ್ಬಾರ್ದು.”

ನಮ್ಮ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಎಲೆ ಹಾಸಿ, ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತೆಗೆಯುತ್ತಾರೆ. ನಡುವೆ ಇಣುಕಿದ ಮಕ್ಕಳ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ಸಾಲಿನಲ್ಲಿದ್ದವರು ನಕ್ಕರು. ಸೆಲ್ಫಿಯ ಹುಡುಗಿ ಫೋನ್ ಎತ್ತಿ ವಿಡಿಯೋ ಮಾಡಿಕೊಂಡಳು. ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಇವನು ನನ್ನ ಅಣ್ಣನಲ್ಲ ಎನ್ನುವಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಸರಿದ ಮೇಲೆ ಇನ್ನೊಂದು ವಿಷಯ ಚುಚ್ಚಿತು. ಅವನಿಗಿಂತ ಮೊದಲು ಆ ಕೋಣೆಯಿಂದ ಹೊರಗೆ ಬಂದವಳು ನಾನು. ಬಾಗಿಲು ಮುಚ್ಚಬೇಕು ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಪಾರ್ಕಿಂಗಿಗೆ ಬಂದೆವು. ಅಣ್ಣ ಕಾರಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನಿಂದ ಪತ್ರ ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿದ.

“ಬಿಡು ಕಣಮ್ಮ. ಆ ಮೂಲೆ ಅಂಗೇ ಇರ್ಲಿ. ಜನರೇಟರ್ ಬೇರೆ ಕಡೆ ಇಡುಸ್ತೀನಿ.”

ಗೆದ್ದೆ ಎಂದುಕೊಂಡೆ. ಆರು ತಿಂಗಳು ಬೈದಿದ್ದಕ್ಕೂ ಸಾರ್ಥಕವಾಯಿತು.

“ಆದ್ರೆ ಈ ಸಲ ಅಮಾಸೆಗೆ ನೀನೂ ಬಾ,” ಎಂದ. “ಅಮ್ಮ ಓದಾಗಿಂದ್ಲೂ ಸಮಾದಿಗೆ ಹೂವಾಕೋದು, ಎಡೆ ಇಕ್ಕೋದು, ಎಲ್ಲಾ ನಾನೊಬ್ನೇ ಮಾಡ್ತಾ ಇವ್ನಿ. ನನ್ ಮಕ್ಳೂ ಬರಲ್ಲ.”

ನಾನು ಫೋನಿನಲ್ಲಿ ತಾರೀಕು ನೋಡಿದೆ. “ಅವತ್ತು ಆಗಲ್ಲ ಕಣಣ್ಣ. ನಾವೆಲ್ಲ ಊಟಿಗೆ ಹೋಗ್ತಿದೀವಿ, ರೂಮ್ ಬುಕ್ ಆಗ್ಬಿಟ್ಟಿದೆ.”

“ಬರೋ ವರ್ಷ?”

“ನೋಡೋಣ.”

ಅವನು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಮಡಚಿದ ಪತ್ರವನ್ನು ಬಿಡಿಸಿ, ಬಾನೆಟ್ಟಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅಂಗೈಯಲ್ಲಿ ಒತ್ತಿ ಹಿಡಿದ.

“ಅಂಗಾದ್ರೆ ಸೈನ್ ಮಾಡ್ಬಿಡಮ್ಮ. ನನ್ ಕಾಲ ಆದ್ಮೇಲೆ ಅಲ್ಲಿಗೆ ಯಾರು ಬರ್ತಾರೆ? ಯಾರೂ ಬರ್ದಿರೋ ಕಡೆ ಅವ್ರಿಬ್ರೇ ಯಾಕೆ ಮಲಗಿರ್ಬೇಕು?”

ಬ್ಯಾಗಿನಿಂದ ಪೆನ್ನು ತೆಗೆದೆ. ಸಹಿ ಮಾಡಿದೆ.