ಅತ್ತಿಗೆಯ ಸುಳ್ಳು ಮುಟ್ಟು, ನನ್ನ ಸುಳ್ಳು ಹಲ್ಲುನೋವು

ಈ ಚಾಪೆಗೆ ಒಂದು ವಾಸನೆ ಇದೆ ನೋಡಿ. ಒಲೆ ಹೊಗೆ, ಹಳೇ ಕಂಬಳಿ, ಪಕ್ಕದ ಗೋಣಿಯಲ್ಲಿ ಒಣಗಿಸಿಟ್ಟಿರೋ ಕಾಫಿ, ಮೂರೂ ಸೇರಿ ಕುದಿಸಿದ ಹಾಗೆ. ಜಗಲಿ ತುದಿಯ ಈ ಸಣ್ಣ ಕೋಣೆಗೆ ಕಾಲಿಟ್ಟ ತಕ್ಷಣ ಮೂಗಿಗೆ ಹೊಡೆಯುತ್ತೆ. ನಮ್ಮನೇಲಿ ಮುಟ್ಟಾದ ಹೆಂಗಸರು ಮೂರು ದಿನ ಇಲ್ಲೇ ಹೊರಗೆ ಕೂರಬೇಕು. ಈಗ ನನ್ನ ಸರದಿ. ಕೂತಿದ್ದೀನಿ, ರಾಣಿ ಥರ.

ಕನಿಕರ ಪಡಬೇಡಿ. ಅಡುಗೆ ಇಲ್ಲ, ಕೊಟ್ಟಿಗೆ ಇಲ್ಲ, ನೀರು ಹೊರೋದಿಲ್ಲ. ತಟ್ಟೆ ತಾನಾಗೇ ಹೊಸ್ತಿಲಿಗೆ ಬರುತ್ತೆ. ಇಷ್ಟು ಸುಖ ಜಿಲ್ಲಾಧಿಕಾರಿಗೂ ಇರಲಿಕ್ಕಿಲ್ಲ. ಒಂದೇ ತೊಂದರೆ, ಯಾರೂ ಮುಟ್ಟೋ ಹಾಗಿಲ್ಲ. ಇನ್ನೊಂದು ತೊಂದರೆ, ಯಾವ ಹೆಂಗಸಿಗೆ ಯಾವಾಗ ಏನಾಯ್ತು ಅನ್ನೋದು ಇಡೀ ಮನೆಗೆ ಗೊತ್ತು. ಹಾಲಿನವನಿಗೂ ಗೊತ್ತು. ನಮ್ಮ ನಾಯಿಗೂ ಗೊತ್ತು ಅಂತ ನನ್ನ ಗುಮಾನಿ.

ಈ ವಾಸನೆ ಬಂದಾಗೆಲ್ಲ ನಂಗೆ ಅತ್ತಿಗೆ ನೆನಪಾಗ್ತಾರೆ. ರಾಜ್ಯಕ್ಕೆ ಇನ್ನೂ ಮೈಸೂರು ಅಂತಾನೇ ಹೆಸರಿದ್ದಾಗಿನ ಮಾತು. ಆಗ ನಂಗೆ ಹದಿನೈದು, ಅಂದ್ರೆ ಬುದ್ಧಿ ಪೂರ್ತಿ ಬಂದಾಗಿತ್ತು. ನಮ್ಮನೆ ಮಾತು ಅರೆಭಾಷೆ, ಕನ್ನಡಕ್ಕೇ ಹತ್ತಿರದ್ದು. ನಿಮಗೆ ಅರ್ಥ ಆಗ್ಲಿ ಅಂತ ಎಲ್ಲರ ಮಾತನ್ನೂ ಸ್ವಲ್ಪ ಇಸ್ತ್ರಿ ಹಾಕಿ ಬರೀತಿದ್ದೀನಿ. ಅಜ್ಜಿ ಮಾತು ಮಾತ್ರ ಇಸ್ತ್ರಿಗೆ ಬಗ್ಗೋದಿಲ್ಲ.

ಅತ್ತಿಗೆ ಅಂದ್ರೆ ನಮ್ಮಣ್ಣನ ಹೆಂಡತಿ. ಎರಡು ಮಕ್ಕಳು. ಎರಡನೇ ಹೆರಿಗೇಲಿ ರಕ್ತ ನಿಲ್ಲದೆ ಸತ್ತೇ ಹೋಗ್ತಿದ್ರು. ಇನ್ನೊಂದು ಬಸುರಿ ಈಕೆಗೆ ಆಗದು ಅಂತ ಅವತ್ತೇ ನರ್ಸಮ್ಮ ಹೇಳಿ ಹೋಗಿದ್ರು. ಆ ಮಗು ಇನ್ನೂ ಗೋಡೆ ಹಿಡ್ಕೊಂಡು ನಿಲ್ಲೋದು ಕಲೀತಿತ್ತು. ಅಷ್ಟರಲ್ಲಿ ಒಂದು ದಿನ ಅತ್ತಿಗೆ ನನ್ನನ್ನ ಕಾಫಿ ಕಣದ ಹಿಂದೆ ಎಳ್ಕೊಂಡು ಹೋಗಿ, "ಗೂಡೆ, ಮತ್ತೆ ನಿಂತಿದೆ" ಅಂದ್ರು. ಗೂಡೆ ಅಂದ್ರೆ ಹುಡುಗಿ, ಅಂದ್ರೆ ನಾನು.

"ಏನು ನಿಂತಿದೆ?" ಅಂದೆ. ಬುದ್ಧಿ ಪೂರ್ತಿ ಬಂದಿತ್ತು ಅಂದ್ನಲ್ಲ, ಅದು ಈ ಮಟ್ಟದ್ದು.

ತಲೆ ಮೇಲೆ ಒಂದು ಮೊಟಕಿದ್ರು. ಅರ್ಥ ಆಯ್ತು.

ಎಸ್ಟೇಟಿನ ಕೂಲಿ ಲೈನಿನಲ್ಲಿ ಬಸುರಿ ಇಳಿಸೋಕೆ ಬೇರು ಅರೆದು ಕೊಡೋಳು ಒಬ್ಬಳಿದ್ದಳು. ಅದನ್ನ ತಗೊಂಡ ಹೆಂಗಸೊಬ್ಬಳನ್ನ ಜೀಪಿನಲ್ಲಿ ಮಲಗಿಸ್ಕೊಂಡು ಹೋಗಿದ್ದನ್ನ ನಾವೆಲ್ಲ ನೋಡಿದ್ವಿ. ಜೀಪು ವಾಪಸ್ ಬಂತು, ಅವಳು ಬರಲಿಲ್ಲ. "ಅವಳ ಹತ್ರ ಹೋಗ್ಲಾ, ಇಟ್ಕೊಂಡು ಸಾಯ್ಲಾ? ಈ ಎರಡೂ ಬೇಡ ಅಂದ್ರೆ ಮೂರನೇದು ಏನಾದ್ರೂ ಇದೆಯಾ?" ಅಂತ ಅತ್ತಿಗೆ ಕೇಳಿದ್ರು. ಕುಂಬಳಕಾಯಿ ಬೆಲೆ ಕೇಳೋ ಹಾಗೆ ಕೇಳಿದ್ರು. ಆದ್ರೆ ನನ್ನ ಕೈ ಬಿಟ್ಟಿರಲಿಲ್ಲ.

ಮೂರನೇದು ಇತ್ತು. ಅದು ನಮ್ಮನೆಗೆ ಬಂದಿದ್ದು ಒಣಮೀನು ಕಟ್ಟಿದ ಪೇಪರಿನಲ್ಲಿ. ನಾನು ಪೇಪರ್ ಓದೋದು ಹಾಗೇ, ಮೀನು ಬಿಚ್ಚಿದ ಮೇಲೆ. ಹೊಸ ಕಾನೂನು ಬಂದಿದೆ, ಬಸುರಿಯಿಂದ ಹೆಂಗಸಿನ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಅಂದ್ರೆ ಸರ್ಕಾರಿ ಆಸ್ಪತ್ರೇಲಿ ಡಾಕ್ಟ್ರೇ ತೆಗೀಬಹುದು, ಕದ್ದು ಮುಚ್ಚಿ ಏನೂ ಬೇಡ ಅಂತ ಇತ್ತು. ಉಳಿದದ್ದು ಎಣ್ಣೆಯಲ್ಲಿ ಅಳಿಸಿಹೋಗಿತ್ತು.

ಅಣ್ಣ ಬಾಳೆಲೆ ಅನ್ನೋ ಊರಿನ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್. ಕಾಫಿ ಪಿಕಿಂಗ್ ಸಮಯ, ಸ್ವಂತ ಮದುವೆ ಇದ್ರೂ ದೊರೆ ರಜೆ ಕೊಡೋನಲ್ಲ. ಭಾನುವಾರ ಬಂದವನು ಎಲ್ಲಾ ಕೇಳಿ, "ನೀ ಉಳಿದ್ರೆ ಸಾಕು ಮಾರಾಯ್ತಿ" ಅಂದು, ಬೇಕಾಗಬಹುದು ಅಂತ ಬಿಳಿ ಹಾಳೆ ಮೇಲೆ ಸಹಿ ಹಾಕಿಕೊಟ್ಟು ಹೋದ. ಜೊತೆಗೆ ಹೋಗೋಕೆ ಉಳಿದದ್ದು ಯಾರು? ಕನ್ನಡ, ಮಲಯಾಳಂ, ಅರ್ಧ ಇಂಗ್ಲಿಷು ಬಲ್ಲ ಈ ಮಹಾಶಯೆ.

ಅಜ್ಜಿಗೆ ಏನು ಹೇಳೋದು? ಮನೆ, ಮಡಿ, ಲೆಕ್ಕಾಚಾರ ಎಲ್ಲ ಅಜ್ಜಿ ಕೈಯಲ್ಲಿ. ನನಗೆ ಹಲ್ಲುನೋವು ಅಂತ ತೀರ್ಮಾನ ಆಯ್ತು. ನಾನು ಯಾವ ಕೆಲಸಾನೂ ಅರ್ಧಂಬರ್ಧ ಮಾಡೋಳಲ್ಲ. ಕೆನ್ನೆಗೆ ವಸ್ತ್ರ ಸುತ್ತಿ, ಒಳಗೆ ಅಡಿಕೆ ತುರುಕಿ, ಎರಡು ದಿನ ಮುಂಚಿಂದ್ಲೇ ನರಳೋಕೆ ಶುರು ಮಾಡಿದೆ. ಪೇಟೇಲಿ ನನ್ನ ಸ್ನೇಹಿತೆ ಮನೇಲಿ ಉಳ್ಕೊಂಡು ಬರ್ತೀವಿ ಅಂದ್ವಿ. ಅಜ್ಜಿ ಲವಂಗ ಕೊಟ್ಟು, ಎರಡೂ ಮಕ್ಕಳನ್ನ ತಮ್ಮ ಸೊಂಟಕ್ಕೆ ಏರಿಸ್ಕೊಂಡು ಕಳಿಸಿಕೊಟ್ರು. ಬಸ್ಸಲ್ಲಿ ನೂರು ಜನ, ಅದರಲ್ಲಿ ನೂರೈವತ್ತು ಜನ ಹಲ್ಲಿನ ಡಾಕ್ಟ್ರು. ಒಬ್ಬರು ಹೊಗೆಸೊಪ್ಪು ಇಡು ಅಂದ್ರು, ಇನ್ನೊಬ್ಬರು ಬಾಯಿ ತೆಗಿ, ಈಗ್ಲೇ ಕೀಳ್ತೀನಿ ಅಂದ್ರು. ಅತ್ತಿಗೆ ಸೆರಗು ಬಾಯಿಗಿಟ್ಟು ನಗ್ತಿದ್ರು. ಎಷ್ಟೋ ದಿನದ ಮೇಲೆ ನಕ್ಕಿದ್ರು.

ಆಸ್ಪತ್ರೇಲಿ ಮಲಯಾಳಿ ನರ್ಸೊಬ್ಬರು ನನ್ನನ್ನೇ ಹಿಡಿದು ಕೂರಿಸಿ, "ಎಂದಾ ಮೋಳೆ, ಪಲ್ಲುವೇದನೆಯಾ?" ಅಂತ ಹಲ್ಲು ನೋಡೋಕೇ ಬಂದ್ರು. ಕಷ್ಟಪಟ್ಟು ಬಿಡಿಸ್ಕೊಂಡು, ಅಡಿಕೆ ಉಗಿದು, ಲೇಡಿ ಡಾಕ್ಟ್ರ ಕೋಣೆಗೆ ಹೋದ್ವಿ. ಡಾಕ್ಟ್ರು ಸಣ್ಣ ಆಳು, ದೊಡ್ಡ ಕನ್ನಡಕ. ಹಳೇ ಹೆರಿಗೆ ವಿಷಯ ಎಲ್ಲಾ ಕೇಳಿ ಆಮೇಲೆ, "ಕೊನೆಗೆ ಮುಟ್ಟಾದ್ದು ಯಾವಾಗ?" ಅಂದ್ರು.

ಅತ್ತಿಗೆ ಬಾಯಿ ತೆಗೆಯೋದರೊಳಗೆ ನಾನು ಹಾರಿದೆ. "ಹೋದ ತಿಂಗಳು ಡಾಕ್ಟ್ರೇ! ಈ ತಿಂಗಳು ಮಾತ್ರ ತಪ್ಪಿದೆ. ಹೊರಗೆ ಕೂತಿದ್ರು, ತಟ್ಟೆ ಇಟ್ಟೋಳೇ ನಾನು." ನೋಡಿ, ಎಂಥಾ ಸಾಕ್ಷಿ!

ಡಾಕ್ಟ್ರು ಪರದೆ ಹಿಂದೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿದ್ರು. ಕೈ ತೊಳೀತಾ ಬಂದು, "ಈ ಸಾಕ್ಷಿ ಹೇಳಿದ ಲೆಕ್ಕಕ್ಕೂ ಹೊಟ್ಟೆ ಹೇಳೋ ಲೆಕ್ಕಕ್ಕೂ ತಾಳೆ ಇಲ್ಲವಲ್ಲ. ಸಾಕ್ಷಿ ಸ್ವಲ್ಪ ಹೊರಗೆ ನಿಲ್ಲಲಿ" ಅಂದ್ರು.

ನಿಂತೆ. ಬಾಗಿಲಿಗೂ ನನ್ನ ಕಿವಿಗೂ ನಡುವೆ ಒಂದು ಕೂದಲು ಹೋಗೋಷ್ಟು ಜಾಗ ಬಿಟ್ಟಿದ್ದೆ.

"ಬೈಯೋದಕ್ಕೆ ಕೇಳ್ತಿಲ್ಲಮ್ಮ" ಅಂತಿದ್ರು ಡಾಕ್ಟ್ರು. "ಹನ್ನೆರಡು ವಾರದೊಳಗೆ ಆದ್ರೆ ಕೆಲಸ ಸುಲಭ, ನಾನೊಬ್ಬಳೇ ತೀರ್ಮಾನ ಮಾಡಬಹುದು. ದಾಟಿದ್ರೆ ಇನ್ನೊಬ್ಬ ಡಾಕ್ಟ್ರು ಒಪ್ಪಬೇಕು, ನಿನಗೆ ಅಪಾಯಾನೂ ಜಾಸ್ತಿ. ಸರಿಯಾದ ದಿನ ಹೇಳು."

ಅತ್ತಿಗೆ ದನಿ ಕೇಳಿಸ್ತು. "ಹೋದ ತಿಂಗಳು ಕೂತಿದ್ದು ಸುಳ್ಳು. ಕೂರದಿದ್ರೆ ಮನೆಯೋರಿಗೆಲ್ಲ ಗೊತ್ತಾಗಿ, ಬಸುರಿ ಅಂತ ಹೂ ಮುಡಿಸಿಬಿಡ್ತಿದ್ರು. ಆಮೇಲೆ ಬೇಡ ಅನ್ನೋಕೆ ಬಾಯಿ ಎಲ್ಲಿ? ಯೋಚನೆ ಮಾಡೋಕೆ ಒಂದು ತಿಂಗಳು ಬೇಕಿತ್ತು, ಹೋಗಿ ಕೂತೆ. ನಿಜವಾಗಿ ಆದದ್ದು ಹುತ್ತರಿ ದಿನ. ಗದ್ದೆಯಿಂದ ಮನೆಗೆ ಕದಿರು ಬಂದಾಗ ಎಲ್ಲರೂ ಒಳಗೆ, ನಾನೊಬ್ಬಳೇ ಹೊರಗೆ."

ಗೋಡೇಲಿದ್ದ ಹೋದ ವರ್ಷದ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು. ನಂಬಿ, ಆ ಹೊತ್ತಿಗೆ ತಮಾಷೆ ಒಂದೂ ಹೊಳೀಲಿಲ್ಲ.

"ಸಮಯ ಇದೆ" ಅಂದ್ರು ಡಾಕ್ಟ್ರು. "ಇನ್ನೊಂದು ತಿಂಗಳು ಸುಳ್ಳು ಕೂತಿದ್ರೆ ಇರ್ತಿರಲಿಲ್ಲ. ಈಗ ಹೇಳು, ಇದು ನಿನ್ನ ಇಷ್ಟಾನಾ? ಯಾರಾದ್ರೂ ಒತ್ತಾಯ ಮಾಡಿದ್ರಾ?"

"ನನ್ನ ಎರಡು ಮಕ್ಕಳಿಗೆ ಅವ್ವ ಬೇಕು ಡಾಕ್ಟ್ರೇ. ನಂದೇ ಇಷ್ಟ."

ಆಮೇಲೆ ನನ್ನನ್ನ ಒಳಗೆ ಕರೆದ್ರು. ಅತ್ತಿಗೆ ಅಣ್ಣನ ಸಹಿ ಹಾಳೆ ಮುಂದೆ ಇಟ್ರೆ, ಡಾಕ್ಟ್ರು ಅದನ್ನ ಮಡಚಿ ವಾಪಸ್ ಕೊಟ್ರು. "ಗಂಡನ ಸಹಿ ಬೇಡ. ನೀನು ದೊಡ್ಡೋಳು, ನಿಂದೇ ಸಾಕು." ಅತ್ತಿಗೆ ಓದಿದ್ದು ನಾಲ್ಕನೇ ಕ್ಲಾಸು. ನಾಲಗೆ ತುದಿ ಹೊರಗೆ ಹಾಕಿ, ರಂಗೋಲಿ ಬಿಡಿಸೋ ಹಾಗೆ ಹೆಸರು ಬರೆದ್ರು. ಆಮೇಲೆ ಅದನ್ನೇ ಸ್ವಲ್ಪ ಹೊತ್ತು ನೋಡ್ತಾ ಕೂತ್ರು.

ಏನೇನು ಮಾಡ್ತಾರೆ ಅನ್ನೋದನ್ನೂ ಡಾಕ್ಟ್ರು ಮೊದಲೇ ಹೇಳಿಬಿಟ್ರು. ರಕ್ತ ಪರೀಕ್ಷೆ ಆಗುತ್ತೆ, ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಕೊಡ್ತೀವಿ, ಕೆಲಸ ಒಂದು ಕಾಫಿ ಕುಡಿಯೋಷ್ಟು ಹೊತ್ತು. ಆಮೇಲೆ ಹೊಟ್ಟೆ ಹಿಂಡುತ್ತೆ, ಮುಟ್ಟಿನ ನೋವಿಗಿಂತ ಒಂದು ಕೈ ಮೇಲು. ಕೆಲವು ದಿನ ರಕ್ತ ಹೋಗುತ್ತೆ, ಬರ್ತಾ ಬರ್ತಾ ಕಮ್ಮಿ ಆಗುತ್ತೆ. ಹೆದರಬೇಡ. ಆದ್ರೆ ಬಟ್ಟೆ ಮೇಲೆ ಬಟ್ಟೆ ನೆನೆದ್ರೆ, ಕೆಟ್ಟ ವಾಸನೆ ಬಂದ್ರೆ, ಹೊಟ್ಟೆನೋವು ಏರಿದ್ರೆ, ಜ್ವರ ಬಂದ್ರೆ, ಒಂದು ಗಳಿಗೇನೂ ಕಾಯದೆ ಬಾ. "ಸಾಕ್ಷಿ, ನೆನಪಿಟ್ಕೋ" ಅಂದ್ರು ನಂಗೆ. ಇಟ್ಕೊಂಡೆ. ಈಗಲೂ ನಿದ್ದೇಲಿ ಎಬ್ಬಿಸಿ ಕೇಳಿ, ಹೇಳ್ತೀನಿ.

ಹಳೇ ಹೆರಿಗೆ ಕತೆ ಇದ್ದದ್ದರಿಂದ ಅವತ್ತು ವಾರ್ಡಲ್ಲೇ ಉಳಿಸ್ಕೊಂಡ್ರು. ಅತ್ತಿಗೆ ಎದ್ದವರೇ ಕೇಳಿದ್ದು, "ಮುಗೀತಾ? ಇಷ್ಟೇನಾ?" ಸ್ವಲ್ಪ ಅತ್ರು, ಆಮೇಲೆ ಹಸಿವು ಅಂದ್ರು. ಇಡ್ಲಿ ತಂದುಕೊಟ್ಟೆ. ನನ್ನ ಪಾಲಿಂದೂ ತಿಂದ್ರು, ಅದನ್ನ ನಾನಿನ್ನೂ ಮರೆತಿಲ್ಲ.

ಮನೆಗೆ ಬಂದವರೇ ಅತ್ತಿಗೆ ನೆಟ್ಟಗೆ ಈ ಕೋಣೆಗೆ ಬಂದು ಈ ಚಾಪೆ ಮೇಲೆ ಕೂತ್ರು. ಎಂಥಾ ಉಪಾಯ ನೋಡಿ! ಡಾಕ್ಟ್ರು ವಿಶ್ರಾಂತಿ ಬೇಕು ಅಂದಿದ್ರು. ಇಡೀ ಮನೇಲಿ ಹೆಂಗಸಿಗೆ ವಿಶ್ರಾಂತಿ ಸಿಗೋ ಜಾಗ ಇದೊಂದೇ. ಯಾರೂ ಏನೂ ಕೇಳಲಿಲ್ಲ. ಅಜ್ಜಿ ಮಾತ್ರ ನನ್ನ ಮುಖ ನೋಡಿ, "ಹೋಗುವಾಗ ಎಡದ ಹಲ್ಲು, ಬರುವಾಗ ಬಲದ್ದು. ಒಳ್ಳೆ ಡಾಕ್ಟ್ರು" ಅಂದ್ರು. ವಸ್ತ್ರ ತಪ್ಪು ಕೆನ್ನೆಗೆ ಕಟ್ಟಿದ್ದೆ.

ಮಾರನೇ ದಿನ ಮಧ್ಯಾಹ್ನ ತಟ್ಟೆ ಇಡೋಕೆ ಬಂದ್ರೆ ಅತ್ತಿಗೆ ಮುದುಡಿ ಮಲಗಿ ನಡುಗ್ತಿದ್ರು. ಡಾಕ್ಟ್ರು ಹೇಳಿದ್ದನ್ನ ಒಂದೊಂದಾಗಿ ಕೇಳಿದೆ. ಬಟ್ಟೆ ಸರಿ ಇದೆ, ವಾಸನೆ ಇಲ್ಲ, ನೋವೂ ಏರಿಲ್ಲ ಅಂದ್ರು. ಉಳಿದದ್ದು ಜ್ವರ. ಹಣೆ ಮುಟ್ಟಿ ನೋಡಬೇಕು. ಮುಟ್ಟೋ ಹಾಗಿಲ್ಲ. "ಬೇಡ, ಅಜ್ಜಿ ನೋಡ್ತಿದ್ದಾರೆ" ಅಂದ್ರು ಅತ್ತಿಗೆ. ಏನಾದ್ರೂ ಆಗ್ಲಿ ಅಂತ ನಾನು ಕೈ ಚಾಚಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನನ್ನ ಪಕ್ಕಕ್ಕೆ ತಳ್ಳಿದ್ರು.

ಅಜ್ಜಿ. ಮುಟ್ಟಾದವಳ ನೆರಳು ಬಿದ್ರೂ ತಲೆಗೆ ನೀರು ಹೊಯ್ಕೊಳ್ಳೋ ಅಜ್ಜಿ ಹೊಸ್ತಿಲು ದಾಟಿ ಬಂದು, ಚಾಪೆ ಮೇಲೇ ಕೂತು, ಅಂಗೈಯನ್ನ ಅತ್ತಿಗೆ ಹಣೆ ಮೇಲಿಟ್ರು. ಆಮೇಲೆ ಕುತ್ತಿಗೆಗೆ. ಆಮೇಲೆ ಪಾದಕ್ಕೆ.

"ಜ್ವರ ಇಲ್ಲೆ. ಚಳಿ." ತಮ್ಮ ಕಂಬಳಿ ತೆಗೆದು ಹೊದಿಸಿದ್ರು.

"ಅಜ್ಜಿ, ನನ್ನ ಮುಟ್ಟಿಬಿಟ್ರಿ" ಅಂತ ಅತ್ತಿಗೆ ಅಳೋಕೆ ಶುರು ಮಾಡಿದ್ರು.

"ಮಿಂದರೆ ಆತ್" ಅಂದ್ರು ಅಜ್ಜಿ. "ಹೋದ ತಿಂಗಳು ಕೂತಿದ್ದೆಯಲ್ಲ, ಒಂದು ಬಟ್ಟೆ ಆದ್ರೂ ಒಗೆದು ಹಾಕಿದ್ಯಾ? ಹಗ್ಗ ಖಾಲಿ. ನಂಗೆ ಕಣ್ಣಿಲ್ಲ ಅಂದ್ಕೊಂಡ್ಯಾ? ಆ ಹೆರಿಗೇಲಿ ಈ ಪಾದ ತಣ್ಣಗಾಗಿದ್ದು ನೋಡಿದ್ದೂ ಇದೇ ಕೈ." ಪಾದ ತಿಕ್ತಾ ಕೂತ್ರು, ತುಂಬಾ ಹೊತ್ತು.

ಡಾಕ್ಟ್ರು ಹೇಳಿದ ದಿನಕ್ಕೆ ಮತ್ತೆ ತೋರಿಸೋಕೆ ಹೊರಟಾಗ, ಅಜ್ಜಿ ಬಾಗಿಲಲ್ಲಿ ನಿಂತು "ಈ ಸಲ ಯಾವ ಹಲ್ಲು?" ಅಂದ್ರು. ಎಲ್ಲಾ ಸರಿ ಇತ್ತು. ಮತ್ತೆ ಬಸುರಿ ಆಗದ ಹಾಗೆ ಅತ್ತಿಗೆ ಅವತ್ತೇ ಲೂಪ್ ಹಾಕಿಸ್ಕೊಂಡ್ರು. ಈಗ ಅವರು ಅಂಗಳದಲ್ಲಿ ನನ್ನ ಪಾಲಿನ ಕೆಲಸಾನೂ ಮಾಡ್ತಾ, ನಂಗೆ ಕೇಳೋ ಹಾಗೆ ಗೊಣಗ್ತಾ, ಕಾಫಿ ಹರವುತ್ತಿದ್ದಾರೆ. ಗೋಡೆ ಹಿಡ್ಕೊಂಡು ನಿಲ್ತಿದ್ದ ಆ ಮಗು ಅವರ ಹಿಂದೆ ಕಾಫಿ ಕೆದರಿ ಹಾಳು ಮಾಡ್ತಿದೆ.

ಕೋಣೆ ಪದ್ಧತಿ ಬಿಟ್ಟಿದ್ದೀವಿ ಅಂದ್ಕೋಬೇಡಿ. ಬಿಟ್ಟಿಲ್ಲ, ಕೂತಿದ್ದೀನಲ್ಲ. ಒಂದು ಮಾತ್ರ ಸೇರಿದೆ. ಇಲ್ಲಿ ಯಾರು ಕೂತ್ರೂ ದಿನಕ್ಕೊಂದು ಸಲ ಅಜ್ಜಿ ಬಂದು ಹಣೆ ಮುಟ್ಟಿ ನೋಡ್ತಾರೆ, ಆಮೇಲೆ ಸೀದಾ ಬಚ್ಚಲಿಗೆ. ಇಡೀ ಊರಲ್ಲಿ ನಮ್ಮಜ್ಜಿಯಷ್ಟು ಸ್ನಾನ ಮಾಡೋರು ಯಾರೂ ಇಲ್ಲ.

ಬಂದ್ರು ನೋಡಿ. ತಣ್ಣನೆ ಒರಟು ಅಂಗೈ.

"ಜ್ವರ ಉಟ್ಟಾ, ಗೂಡೆ?"

ಜ್ವರ ಎಲ್ಲಿಂದ ಇರಬೇಕು, ನಾನು ಕಲ್ಲುಗುಂಡಿನ ಹಾಗಿದ್ದೀನಿ. ಆದ್ರೂ ಕಣ್ಣು ಮುಚ್ಚಿ, ದನಿ ಸಣ್ಣ ಮಾಡಿ, "ಸ್ವಲ್ಪ ಇರೋ ಹಾಗಿದೆ ಅಜ್ಜಿ. ಇನ್ನೊಮ್ಮೆ ನೋಡಿ" ಅಂದೆ.