ಗಚ್ಚಿಯ ಕೀಲಿಕೈ

ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ಕೊರೊನಾ ಬಂದ ಮೊದಲ ವರ್ಷ ಆ ಹದಿನಾರರಲ್ಲಿ ಒಂದು ಮನೆಯೊಳಗೂ ಅದು ಕಾಲಿಡಲಿಲ್ಲ. ಈ ಮಾತನ್ನು ನಾನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಮರುವರ್ಷ ಮೂರು ಮನೆ ಹೊಕ್ಕಿತು, ನಿಜ. ಆದರೆ ಮೂರು ಮನೆಯವರೂ ಹುಷಾರಾಗಿ ಎದ್ದು ಕೂತರು. ನಾನು ಇದನ್ನು ಹೇಳಿದಾಗಲೆಲ್ಲ ನನ್ನ ಗಂಡ, "ಎಲ್ಲಾ ನಿಂದೇ ಪುಣ್ಯ, ತಾಯಿ" ಎಂದು ಎರಡೂ ಕೈ ಮುಗಿಯುತ್ತಾರೆ. ಮುಗಿಯಲಿ ಬಿಡಿ. ಅದು ಪುಣ್ಯವಲ್ಲ, ನನ್ನ ದುಡಿಮೆ. ಆದರೆ ಎದೆ ತಟ್ಟಿಕೊಳ್ಳುವವರು ತಮ್ಮ ತಪ್ಪನ್ನೂ ಅಷ್ಟೇ ದೊಡ್ಡ ದನಿಯಲ್ಲಿ ಹೇಳಬೇಕು ಅನ್ನುವುದು ನನ್ನ ಅತ್ತೆಯ ಮಾತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾವು ಬೀದರ್ ಕಡೆಯವರು. ಶೇಂದ್ರಾದ ಒಂದು ಫ್ಯಾಕ್ಟರಿಯಲ್ಲಿ ಗಂಡನಿಗೆ ಕೆಲಸ ಸಿಕ್ಕಿ ಸಂಭಾಜಿನಗರಕ್ಕೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಮಗಳು ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದರೆ ಅವಳಿಗೆ ಒಂದಕ್ಷರ ಬಿಡದೆ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೇ ಇದ್ದರು. ಆ ವರ್ಷ ಅವರಿಗೆ ಎಪ್ಪತ್ತೆಂಟು. ಮನೆ ಇರುವುದು ನಾಲ್ಕನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೆಳಗಿಳಿದು ಹತ್ತುವುದು ಆ ವಯಸ್ಸಿಗೆ ಆಗದ ಮಾತು. ಮೇಲೆ ಹದಿನೆಂಟು ಮೆಟ್ಟಿಲು ಹತ್ತಿದರೆ ತಾರಸಿ. ಇಲ್ಲಿಯವರು ಅದನ್ನು ಗಚ್ಚಿ ಎನ್ನುತ್ತಾರೆ, ನಮ್ಮ ಬಾಯಲ್ಲೂ ಅದೇ ಕೂತಿದೆ. ಅತ್ತೆಯ ಪಾಲಿಗೆ ಊರು, ಕೇರಿ, ಹೊಲ ಎಲ್ಲ ಆ ಗಚ್ಚಿಯೇ.

ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅವರು ಮೇಲೆ ಹೋಗುತ್ತಿದ್ದರು. ಸೊಂಟದಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಇಪ್ಪತ್ತೊಂದು ಹುಣಸೆ ಬೀಜ. ಗಚ್ಚಿಗೆ ಒಂದು ಸುತ್ತು ಹಾಕಿದರೆ ಕಟಾಂಜನದ ಗೋಡೆಯ ಮೇಲೆ ಒಂದು ಬೀಜ. ಇಪ್ಪತ್ತೊಂದೂ ಗೋಡೆ ಮೇಲೆ ಸಾಲಾಗಿ ಕೂತ ಮೇಲೆ ಅವನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಕೆಳಗಿಳಿದು, "ಹಾಂ, ಈಗ ಚಹಾ ತಾ" ಎನ್ನುತ್ತಿದ್ದರು. ಮಳೆ ಬಂದ ದಿನ ಬಿಟ್ಟರೆ ಇದು ತಪ್ಪಿದ್ದೇ ಇಲ್ಲ.

ನಾನು ಸೊಸೈಟಿಗೆ ಸೆಕ್ರೆಟರಿಯಾಗಿದ್ದು ಯಾರೋ ಆರಿಸಿದ್ದರಿಂದಲ್ಲ. ಇದ್ದ ಸೆಕ್ರೆಟರಿ ನಾಸಿಕ್‌ನಲ್ಲಿರುವ ಮಗಳನ್ನು ನೋಡಿ ಬರುತ್ತೇನೆಂದು ಕೀಲಿಕೈಗೊಂಚಲು ನನ್ನ ಕೈಗೆ ಕೊಟ್ಟು ಹೋದರು. ಅವರು ಅಲ್ಲಿ ಮುಟ್ಟಿದ ಮರುದಿನವೇ ಎಲ್ಲ ಬಂದ್. "ವಹಿನಿ," ಅಂದರೆ ಅತ್ತಿಗೆ, "ನಾಲ್ಕು ದಿನ ನೋಡಿಕೊಳ್ಳಿ" ಎಂದು ಫೋನ್ ಮಾಡಿದರು. ಆ ನಾಲ್ಕು ದಿನ ಎರಡು ವರ್ಷವಾಯಿತು.

ನನಗೇನು, ಕೇಳಬೇಕೆ! ಮೊದಲೇ ನನ್ನ ದನಿ ದೊಡ್ಡದು, ಈಗ ಅದಕ್ಕೊಂದು ಕೆಲಸ ಸಿಕ್ಕಿತು. ತರಕಾರಿ ಗಾಡಿ ಗೇಟಿನ ಹೊರಗೆ. ಕೆಲಸದ ಬಾಯಿಯರು, ಅಂದರೆ ಮನೆಗೆಲಸದ ಹೆಂಗಸರು, ತಮ್ಮ ಮನೆಯಲ್ಲೇ ಇರಲಿ, ಸಂಬಳ ತಪ್ಪಿಸಬೇಡಿ. ಹಾಲಿನ ಪ್ಯಾಕೆಟ್ಟು ತೊಳೆದೇ ಒಳಗೆ. ಹೊರಗಿನಿಂದ ಬಂದವರು ಯಾರೇ ಇರಲಿ, ಗೇಟಿನ ಹತ್ತಿರದ ನಲ್ಲಿಯಲ್ಲಿ ಕೈಕಾಲು ತೊಳೆಯಲಿ. ನನ್ನ ಗಂಡನನ್ನೂ ಬಿಟ್ಟಿದ್ದಿಲ್ಲ. ಜನ ನನ್ನನ್ನು ಹಿಂದಿನಿಂದ ಕಲೆಕ್ಟರ್ ಬಾಯಿ ಎನ್ನತೊಡಗಿದರು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಹೊರಗೆ ಹೋಗುವಂತಿಲ್ಲ ಅಂದಕೂಡಲೇ ಜನವೆಲ್ಲ ಗಚ್ಚಿ ಹಿಡಿದರು. ಸಂಜೆ ನೋಡಿದರೆ ಒಂದು ಮೂಲೆಯಲ್ಲಿ ಇಸ್ಪೀಟು, ಇನ್ನೊಂದು ಮೂಲೆಯಲ್ಲಿ ಗಾಳಿಪಟ, ನಡುವೆ ಚಾಪೆ ಹಾಸಿ ಕೂತ ಹೆಂಗಸರು. ಮಾಸ್ಕು ಗಲ್ಲದ ಮೇಲೆ. ಎರಡು ದಿನ ಹೇಳಿದೆ, ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ಬೆಳಿಗ್ಗೆಯೇ ಬೀಗ ಹಿಡಿದು ಮೇಲೆ ಹೋದೆ. ಅತ್ತೆ ಸುತ್ತು ಹಾಕುತ್ತಿದ್ದರು. ಗೋಡೆಯ ಮೇಲೆ ಒಂಬತ್ತು ಬೀಜ ಇದ್ದವು.

"ಅತ್ತಿ, ಕೆಳಗ ನಡೀರಿ, ಕೀಲಿ ಹಾಕ್ಲಾಕತ್ತೀನಿ."

"ತಡಿಯವ್ವಾ, ಇನ್ನಾ ಹನ್ನೆರಡು ಉಳದಾವ."

"ನಾಳಿಗಿ ಹಾಕ್ರಿ. ಮಂದಿ ಬರೂದ್ರಾಗ ಕೀಲಿ ಹಾಕ್ಬೇಕು."

ಅವರು ಒಮ್ಮೆ ಬೀಜಗಳನ್ನು ನೋಡಿದರು, ಒಮ್ಮೆ ನನ್ನ ಕೈಯಲ್ಲಿದ್ದ ಬೀಗವನ್ನು ನೋಡಿದರು. ಒಂಬತ್ತನ್ನೂ ಅಲ್ಲೇ ಬಿಟ್ಟು ಇಳಿದು ಬಂದರು. ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವರು ಎತ್ತಿಡುವುದಿಲ್ಲ, ಅದು ಅವರ ಹಟ. ನನಗೆ ಆಗ ಅದನ್ನೆಲ್ಲ ಗಮನಿಸುವಷ್ಟು ಪುರುಸೊತ್ತು ಇರಲಿಲ್ಲ.

ನಾಳೆ ಬಂತು, ಬೀಗ ತೆಗೆಯಲಿಲ್ಲ. ವಾರ ಕಳೆದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು. "ಮುಂಜಾನಿ ಯಾರೂ ಏಳೂದ್ರಾಗ ನನಗೊಬ್ಬಾಕಿಗಿ ತೆಗಿಯವ್ವಾ. ಹೋಗಿ ಬಂದ್ಬಿಡ್ತೀನಿ."

ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ತೆಗೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಅಂದೆ, "ನಮ್ಮ ಮನಿಗೊಂದು ನ್ಯಾಯ, ಮಂದಿ ಮನಿಗೊಂದು ನ್ಯಾಯ ಮಾಡ್ಲಿ ಏನ್ರಿ? ನಾಳಿಗಿ ಯಾವ ಮಾರಿ ಇಟ್ಕೊಂಡು ಅವರಿಗಿ ಇಲ್ಲ ಅಂತ ಹೇಳ್ಲಿ?"

"ಖರೆ ಅದ" ಎಂದರು ಅತ್ತೆ. ಮತ್ತೆ ಕೇಳಲಿಲ್ಲ. ನನ್ನ ಅತ್ತೆಯನ್ನೇ ಬಿಡಲಿಲ್ಲ ಎಂದು ನಾನು ಅವತ್ತು ಫೋನಿನಲ್ಲಿ ತವರಿನವರಿಗೆಲ್ಲ ಹೇಳಿಕೊಂಡು ಮೆರೆದೆ.

ಅವರು ನಡುಮನೆಯಲ್ಲಿ ನಡೆದು ನೋಡಿದರು. ಗೋಡೆಯಿಂದ ಗೋಡೆಗೆ ಎಂಟು ಹೆಜ್ಜೆ. ಅಷ್ಟರಲ್ಲಿ ಮಗಳ ಶಾಲೆ ಮೊಬೈಲಿಗೆ ಬಂದಿತು. ಅವಳು ನಡುಮನೆಯಲ್ಲಿ ಕೂತು ಪಾಠ ಕೇಳುವಾಗ ಹಿಂದೆ ಅಜ್ಜಿ ಆ ಕಡೆಯಿಂದ ಈ ಕಡೆಗೆ ಹಾಯುವುದು ಕ್ಯಾಮೆರಾದಲ್ಲಿ ಕಾಣುತ್ತಿತ್ತು. "ಆಜ್ಜಿ, ಬಸ್ ನಾ!" ಎಂದು ಅವಳು ಗದರಿದಳು. ಕೂತ್ಕೋ ಎಂದರ್ಥ. ಅಜ್ಜಿ ದಿವಾನದ ಮೇಲೆ ಕೂತರು. ಕೂತವರು ಕೂತೇ ಬಿಟ್ಟರು. ನಾನು ಗೇಟು ಕಾಯುತ್ತಿದ್ದೆ, ಯಾರು ಬಂದರು, ಯಾರು ಕೆಮ್ಮಿದರು ಎಂದು ನೋಡುತ್ತಿದ್ದೆ. ಮನೆಯೊಳಗೆ ಏನಾಗುತ್ತಿದೆ ಎಂದು ನೋಡಲಿಲ್ಲ.

ಶ್ರಾವಣದ ಒಂದು ಸೋಮವಾರ ಪೂಜೆಗೆ ಏಳಲು ಹೋದವರು ಏಳಲಿಲ್ಲ. ಮೊಣಕಾಲು ಮಡಚಿ ಅಲ್ಲೇ ಕುಸಿದರು. ಏಟೇನೂ ಆಗಲಿಲ್ಲ, ಆದರೆ ನಾನೂ ಗಂಡನೂ ಎರಡೂ ರಟ್ಟೆ ಹಿಡಿದು ಎತ್ತಬೇಕಾಯಿತು. ಎತ್ತಿ ನಿಲ್ಲಿಸುವಾಗ ತಿಳಿಯಿತು, ಆ ಕಾಲಲ್ಲಿ ಏನೂ ಉಳಿದಿರಲಿಲ್ಲ. ಜೋಳದ ದಂಟಿನಂತೆ ಆಗಿದ್ದವು. ಡಾಕ್ಟರು ಮೊಬೈಲಿನಲ್ಲೇ ನೋಡಿ, ರೋಗವೇನಿಲ್ಲ, ನಡೆಯದೆ ಕಾಲಿನ ಶಕ್ತಿ ಹೋಗಿದೆ, ಈಗಲೂ ನಡೆಸದಿದ್ದರೆ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಏಳುವುದಿಲ್ಲ ಎಂದರು.

ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಮೊದಲು ಬರುವುದು ಸಿಟ್ಟೇ.

"ಕಾಲಾಗ ಶಕ್ತಿ ಇಲ್ಲಂತ ಒಂದು ಮಾತರೆ ಹೇಳ್ಬಾರ್ದೇನ್ರಿ ಅತ್ತಿ?"

"ನೀ ಊರು ಕಾಯ್ಲಾಕತ್ತಿದ್ದಿ. ನಿಂಗ ಎಲ್ಲಿ ಹೇಳ್ಲಿ?" ಎಂದರು. ತಾವೇ ಮುಂದುವರಿಸಿದರು. "ನಾ ಸಣ್ಣಾಕಿ ಇದ್ದಾಗ ನಮ್ಮೂರಾಗ ಬ್ಯಾನಿ ಬಂದಿತ್ತು. ಊರ ಮಂದೆಲ್ಲಾ ಮನಿಗಿ ಕೀಲಿ ಹಾಕಿ ಹೊಲ್ದಾಗ ಗುಡಸಲಾ ಹಾಕ್ಕೊಂಡಿದ್ರು. ಒಬ್ಬರ ಗುಡಸಲಕ್ಕ ಒಬ್ಬರು ಹೋಗಾಂಗಿದ್ದಿಲ್ಲ. ಹಬ್ಬ ಇಲ್ಲ, ಮದುವಿ ಇಲ್ಲ. ನಮ್ಮಪ್ಪನೂ ನಿನ್ನಂಗೇ ಕಟ್ಟುನಿಟ್ಟು. ಖರೆ, ಅವರು ಊರಿಗಿ ಕೀಲಿ ಹಾಕಿದ್ರು, ಹೊಲಕ್ಕ ಹಾಕಿದ್ದಿಲ್ಲ. ನೀ ಗಾಳಿಗೇ ಕೀಲಿ ಹಾಕ್ದಿ. ನೆಗಡಿ ಬಂತಂತ ಮೂಗು ಕೊಯ್ಕೊಂಡಂಗಾತು."

ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಜೀವ ಉಳಿಸುತ್ತೇನೆಂದು ನನ್ನ ಮನೆಯ ಜೀವವನ್ನೇ ದಿವಾನಕ್ಕೆ ಕಟ್ಟಿ ಹಾಕಿದ್ದೆ. ಆದರೆ ಬೀಗ ತೆಗೆದು ಎಲ್ಲರನ್ನೂ ಬಿಟ್ಟರೆ? ಮತ್ತೆ ಅದೇ ಇಸ್ಪೀಟು, ಅದೇ ಚಾಪೆ. ಆ ದಿನಗಳಲ್ಲಿ ಪಕ್ಕದ ಗಲ್ಲಿಯಿಂದ ಆಂಬುಲೆನ್ಸಿನ ಸದ್ದು ದಿನಾ ಕೇಳುತ್ತಿತ್ತು. ಬೀಗ ಹಾಕಿದ್ದು ತಪ್ಪು ಎಂದು ನಾನು ಇವತ್ತೂ ಒಪ್ಪುವುದಿಲ್ಲ. ಹಾಕಿ ಮರೆತದ್ದು ತಪ್ಪು.

ದಾರಿ ತೋರಿಸಿದ್ದು ಗಂಡ, ಅದೂ ಊಟಕ್ಕೆ ಕೂತಾಗ ಸುಮ್ಮನೆ ಮಾತಿಗೆ. ಅವರ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಈಗ ಎಲ್ಲರೂ ಒಟ್ಟಿಗೆ ಉಣ್ಣುವುದಿಲ್ಲವಂತೆ, ಪಾಳಿಯ ಮೇಲೆ ಊಟವಂತೆ. "ಊಟ ಬಂದ್ ಮಾಡಿಲ್ಲ ನೋಡು, ಪಾಳಿ ಹಚ್ಯಾರ" ಎಂದರು.

ನಾನು ಕೈ ತೊಳೆಯದೆ ಎದ್ದೆ. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಇಬ್ಬರೂ ಗೆರೆ ಎಳೆದೆವು. ಹದಿನಾರು ಮನೆ, ಮನೆಗೆ ಅರ್ಧ ಗಂಟೆ. ಬೆಳಿಗ್ಗೆ ಏಳು ಮನೆ, ಸಂಜೆ ಎಂಟು ಮನೆ. ಒಂದು ಮನೆಯವರು ಇಳಿದು ಬಾಗಿಲು ಹಾಕಿಕೊಂಡ ಮೇಲೆ ಇನ್ನೊಂದು ಮನೆಯವರು ಹತ್ತಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯಾರಿಗೂ ಬೇಡವಾದ ಮಧ್ಯಾಹ್ನ ಹನ್ನೆರಡರ ಬಿಸಿಲನ್ನು ನಮ್ಮ ಮನೆಗೆ ಬರೆದುಕೊಂಡೆ.

ಹಾಳೆಯ ಫೋಟೊ ಸೊಸೈಟಿಯ ವಾಟ್ಸಾಪಿಗೆ ಹಾಕುವ ಮೊದಲು ಮರಾಠಿಯಲ್ಲಿ ಎರಡು ಸಾಲು ಬರೆದೆ. ಗಚ್ಚಿಗೆ ನಾಲ್ಕು ತಿಂಗಳು ಬೀಗ ಹಾಕಿದ್ದು ನಾನು, ಬೇರೆ ದಾರಿ ಹುಡುಕದೆ ಕೂತದ್ದು ನನ್ನ ತಪ್ಪು, ಎಂದು. ಬರೆದು ಅಳಿಸಿದೆ, ಮತ್ತೆ ಬರೆದೆ. ಕಡೆಗೆ ಮಗಳೇ ಕೈಯಿಂದ ಮೊಬೈಲು ಕಿತ್ತುಕೊಂಡು ಕಳಿಸಿಬಿಟ್ಟಳು. ಎರಡನೆಯ ಮಹಡಿಯ ಮಹಾಶಯರೊಬ್ಬರು ಕೂಡಲೇ, ಅತ್ತೆಗೋಸ್ಕರ ತೆಗೆದಿರಾ ಎಂದು ಕುಟುಕಿದರು. ಹೌದು, ನನ್ನ ಅತ್ತೆಗೋಸ್ಕರವೇ, ಅವರ ಕಾಲು ಹೋಗಿವೆ, ನಿಮ್ಮ ತಾಯಿಯ ಕಾಲು ಹೇಗಿವೆ ನೋಡಿಕೊಳ್ಳಿ ಎಂದು ಬರೆದೆ. ಮರುದಿನ ಅವರು ತಮ್ಮ ಪಾಳಿಯಲ್ಲಿ ತಾಯಿಯ ಕೈ ಹಿಡಿದು ಮೇಲೆ ಹತ್ತಿಸುತ್ತಿದ್ದರು.

ಅತ್ತೆಗೆ ಮಾತ್ರ ಗಚ್ಚಿ ದೂರವೇ ಇತ್ತು. ಮೊದಲ ವಾರ ಬಾಗಿಲ ತನಕ. ಆಮೇಲೆ ಒಂದು ಮೆಟ್ಟಿಲು. ಹತ್ತುವುದು, ಕೂರುವುದು, ಇಳಿಯುವುದು. ಬಿಸಿಲಿನ ಹೊತ್ತಿಗೆ ಮೆಟ್ಟಿಲಿನ ಕಲ್ಲು ಕೂಡ ಕಾಯುತ್ತಿತ್ತು. ಇದನ್ನು ಕೇಳಿದ ನೆಲಮಹಡಿಯ ಕಾಕು, ಅಂದರೆ ಚಿಕ್ಕಮ್ಮ, ಒಂದು ದಿನ ಕೆಳಗಿನಿಂದಲೇ ಕೂಗಿ ಹೇಳಿದರು: ನನಗೆ ಅಂಗಳವಿದೆ, ನನ್ನ ಬೆಳಿಗ್ಗೆ ಏಳರ ಪಾಳಿ ಅಜ್ಜಿಗೆ, ಮಧ್ಯಾಹ್ನದ್ದು ನನಗಿರಲಿ, ಹಪ್ಪಳ ಒಣಗಿಸುತ್ತೇನೆ. ಮೂರನೆಯ ಮಹಡಿಯವರು ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಹೋದರು. ಗಣಪತಿ ಹಬ್ಬಕ್ಕೆ ಐದು ಮೆಟ್ಟಿಲು. ದಸರೆಗೆ ಹನ್ನೊಂದು. ಏಳು ಗಂಟೆಗೆ ಕಟ್ಟಡದ ಬಾಗಿಲುಗಳೆಲ್ಲ ಒಂದೊಂದು ಬೆರಳಿನಷ್ಟು ತೆರೆದಿರುತ್ತಿದ್ದವು. "ಕಿತಿ ಝಾಲ್ಯಾ?" ಎಂದು ಯಾರೋ ಎಷ್ಟಾಯಿತೆಂದು ಕೇಳುತ್ತಿದ್ದರು. ಮಗಳು ಮೇಲಿನಿಂದ ಅಂಕಿ ಕೂಗುತ್ತಿದ್ದಳು. ಬೆಳಿಗ್ಗೆ ಅಜ್ಜಿಯ ಹಿಂದೆ ನಿಂತು ಸೊಂಟ ಹಿಡಿಯುವ ಕೆಲಸ ಅವಳೇ ಹೊತ್ತುಕೊಂಡಿದ್ದಳು. "ಹತ್ತು ಆಜ್ಜಿ, ಹತ್ತು. ನಾ ಇದ್ದೀನಿ" ಎಂದು ಅವಳ ಬಾಯಿಂದ ಕನ್ನಡ ಬಂದದ್ದನ್ನು ನಾನು ಆ ಮೆಟ್ಟಿಲ ಮೇಲೆಯೇ ಕೇಳಿದೆ.

ದೀಪಾವಳಿಗೆ ಇನ್ನೂ ವಾರವಿತ್ತು. ಅತ್ತೆ ಹದಿನೆಂಟನೆಯ ಮೆಟ್ಟಿಲು ಹತ್ತಿ ಗಚ್ಚಿಯ ಬಾಗಿಲ ಚೌಕಟ್ಟು ಹಿಡಿದು ನಿಂತರು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲ ಮಹಡಿಯಿಂದಲೂ ಚಪ್ಪಾಳೆ. ಅತ್ತೆಗೆ ಅದು ತಮಗೇ ಎಂದು ಗೊತ್ತಾಗಲಿಲ್ಲ. ಗಾಳಿಗೆ ಮುಖ ಕೊಟ್ಟು ನಿಂತರು. ನನಗಂತೂ ಅವತ್ತು ಹೆಮ್ಮೆಯಿಂದ ಎದೆ ಉಬ್ಬಿತ್ತು. ಅತ್ತೆಯ ಮೇಲೆ, ಮಗಳ ಮೇಲೆ, ಹದಿನಾರು ಮನೆಯ ಮೇಲೆ.

"ಸಾಕ್ರಿ ಅತ್ತಿ, ಇವತ್ತಿಗಿ ಇಷ್ಟು. ಕೂಡ್ರಿ" ಎಂದೆ.

ಅವರು ಕೂರಲಿಲ್ಲ. ಗೋಡೆ ಹಿಡಿದುಕೊಂಡು ಹೊರಟರು. ನಾವಿಬ್ಬರೂ ಹಿಂದೆ ಹಿಂದೆ. ಒಂದು ಸುತ್ತು ಮುಗಿಯಲು ಪೂರ್ತಿ ಕಾಲು ಗಂಟೆ ಹಿಡಿಯಿತು. ಬಿಟ್ಟು ಹೋಗಿದ್ದ ಒಂಬತ್ತು ಬೀಜಗಳು ಅಲ್ಲಿರಲಿಲ್ಲ, ಮಳೆಗಾಲದಲ್ಲಿ ಎಲ್ಲಿ ಹೋದವೋ. ಆ ಜಾಗಕ್ಕೆ ಬಂದು ನಿಂತು, ಸೊಂಟದ ಚೀಲಕ್ಕೆ ಕೈ ಹಾಕಿ, ಒಂದು ಹುಣಸೆ ಬೀಜ ತೆಗೆದು ಗೋಡೆಯ ಮೇಲೆ ಇಟ್ಟರು.

"ಹತ್ತು" ಎಂದರು. ಆಮೇಲೆ ನನ್ನ ಕಡೆಗೆ ತಿರುಗಿದರು. "ಇನ್ನಾ ಹನ್ನೊಂದು ಉಳದಾವ. ಕೀಲಿ ಹಾಕಬ್ಯಾಡವ್ವಾ."